ಎಳೆದ ಉಸಿರು, ಊದಿದ ಉಸಿರು

“ಯಂತ್ರಕ್ಕೆ ಹಾಕಿದರೆಂದರೆ ಆಸೆ ಬಿಟ್ಟ ಹಾಗೆಯೇ” ಎಂಬ ಮಾತನ್ನು ಬೋರನಕಣಿವೆಯ ಸುತ್ತಣ ಹಳ್ಳಿಗಳಲ್ಲಿ ನಾನು ಅನೇಕಾವರ್ತಿ ಕೇಳಿದ್ದೇನೆ. ಈ ಭಯದಿಂದಲೇ ನನ್ನ ತಮ್ಮನು ಪಿತ್ತಕೋಶದ ಕಲ್ಲಿನ ಬಾಧೆಯನ್ನು ಎರಡು ವರ್ಷ ಸಹಿಸಿಕೊಂಡು ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕುತ್ತ ಬಂದನು. ಅವನ ಹೃದಯವೂ ಅಷ್ಟು ಬಲವಾದುದಲ್ಲ. ಪ್ರಜ್ಞೆ ತಪ್ಪಿದವನಿಗೆ ಯಂತ್ರವು ಉಸಿರಾಡಿಸುವಾಗ ಹೃದಯದ ಗತಿಯೇನು ಎಂದು ಅರಿವಳಿಕೆಯ ವೈದ್ಯರನ್ನು ಕೇಳಿದೆನು. ಅವರು ತಾಳ್ಮೆಯಿಂದ ತಿಳಿಸಿದುದನ್ನೂ, ಆಮೇಲೆ ನಾನು ಓದಿ ಅರಿತುದನ್ನೂ ವಾಚಕರ ಮುಂದಿಡುತ್ತೇನೆ.

ನಾವು ಉಸಿರನ್ನು ‘ಎಳೆದುಕೊಳ್ಳುತ್ತೇವೆ’. ಈ ಕ್ರಿಯಾಪದದಲ್ಲಿಯೇ ಸತ್ಯವು ಅಡಗಿದೆ. ವಪೆಯು ಕೆಳಕ್ಕಿಳಿದು ಎದೆಗೂಡು ಹಿಗ್ಗಿದಾಗ ಒಳಗಿನ ಒತ್ತಡವು ತಗ್ಗಿ, ಗಾಳಿಯು ತಾನಾಗಿ ಒಳಸೇರುತ್ತದೆ. ಅದೇ ಸೆಳೆತಕ್ಕೆ ಮೈಯ ರಕ್ತವೂ ಹೃದಯದ ಕಡೆಗೆ ಹರಿದುಬರುತ್ತದೆ. ಪಾಠಶಾಲೆಯಲ್ಲಿ ಪೂರಕವೆಂದು ನಾವು ಕಲಿತುದು ಹೀಗೆ ಎರಡು ಕೆಲಸಗಳನ್ನು ಮಾಡುತ್ತದೆ. ಯಂತ್ರವಾದರೋ ಕಮ್ಮಾರನ ತಿದಿಯಂತೆ ಗಾಳಿಯನ್ನು ಒಳಕ್ಕೆ ಊದುತ್ತದೆ. ಆಗ ಎದೆಯೊಳಗಿನ ಒತ್ತಡವು ಏರಿ, ಹೃದಯಕ್ಕೆ ಮರಳುವ ರಕ್ತವು ಕಡಮೆಯಾಗುತ್ತದೆ. ಹೃದಯವು ಹೊರಕ್ಕೆ ನೂಕುವ ರಕ್ತವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಅಮೆರಿಕೆಯಲ್ಲಿ ಆಂದ್ರೆ ಕೂರ್ನಾಂಡ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 1948ರಲ್ಲಿಯೇ ಇದನ್ನು ಮನುಷ್ಯರಲ್ಲಿ ಅಳೆದು ತೋರಿಸಿದರು.

ಈ ಕುಗ್ಗು ಎಲ್ಲರಲ್ಲಿಯೂ ಒಂದೇ ಸಮನಲ್ಲ. ಸುವರ್ಣಮುಖಿಗೆ ಕಟ್ಟಿದ ನಮ್ಮ ಜಲಾಶಯವು ತುಂಬಿರುವಾಗ ತೂಬಿನ ಬಾಯಿಗೆ ಕೊಂಚ ಕಸ ಸಿಕ್ಕಿದರೂ ಕಾಲುವೆ ಹರಿಯುತ್ತದೆ. ನೀರು ತಳ ಕಂಡಾಗ ಅಷ್ಟೇ ಕಸವು ಹರಿವನ್ನು ನಿಲ್ಲಿಸೀತು. ವಾಂತಿಭೇದಿಯಿಂದಲೋ ರಕ್ತಸ್ರಾವದಿಂದಲೋ ಬತ್ತಿದವನಿಗೆ ಯಂತ್ರವನ್ನು ಹಚ್ಚಿದೊಡನೆ ರಕ್ತದ ಒತ್ತಡವು ಬೀಳುವುದುಂಟು. ಅರಿವಳಿಕೆಯ ಔಷಧವೂ ರಕ್ತನಾಳಗಳನ್ನು ಸಡಿಲಿಸುತ್ತದೆ. ಆದುದರಿಂದ ವೈದ್ಯರು ರಕ್ತನಾಳಕ್ಕೆ ದ್ರವವನ್ನು ಅಳೆದು ಕೊಡುತ್ತಾರೆ. ಇನ್ನೊಂದು ವಿಚಿತ್ರವುಂಟು: ಎಡಹೃದಯವು ಸೋತು ಶ್ವಾಸಕೋಶದಲ್ಲಿ ನೀರು ನಿಂತವನಿಗೆ ಇದೇ ಗಾಳಿಯೊತ್ತಡವು ಉಪಕಾರಿ, ಹೃದಯಕ್ಕೆ ಬರುವ ಭಾರವೂ ಅದು ಪಡುವ ಶ್ರಮವೂ ಇಳಿಯುತ್ತವೆ.

ಶ್ವಾಸಕೋಶದ ಸಂಗತಿಯೂ ಸೂಕ್ಷ್ಮವಾದುದು. ಪ್ರಜ್ಞೆ ತಪ್ಪಿ ಅಂಗಾತ ಮಲಗಿದವನ ವಪೆಯು ಮೇಲಕ್ಕೆ ಸರಿದು, ಬೆನ್ನ ಕಡೆಯ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಅವನ್ನು ತೆರೆಯಲೆಂದು ಅತಿಯಾಗಿ ಊದಿದರೆ, ತೆರೆದಿರುವ ಗೂಡುಗಳು ಹಿಗ್ಗಿ ಗಾಸಿಗೊಳ್ಳುತ್ತವೆ. ಫ್ರಾನ್ಸಿನ ವೈದ್ಯರು ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಬಂದ 400 ರೋಗಿಗಳಲ್ಲಿ ಪರೀಕ್ಷೆ ನಡಸಿ 2013ರಲ್ಲಿ ಫಲವನ್ನು ಪ್ರಕಟಿಸಿದರು. ದೇಹಪ್ರಮಾಣದ ಕಿಲೋಗ್ರಾಮಿಗೆ 10ರಿಂದ 12 ಮಿಲಿಲೀಟರ್ ಊದಿದವರ ಪೈಕಿ ನೂರಕ್ಕೆ 27.5 ಮಂದಿಗೆ ತೊಡಕುಗಳಾದುವು. 6ರಿಂದ 8 ಮಿಲಿಲೀಟರ್ ಮಾತ್ರ ಊದಿ, ಆಗಾಗ ಗೂಡುಗಳನ್ನು ಅರಳಿಸಿ, ರೇಚಕದ ಕೊನೆಯಲ್ಲಿಯೂ ಕೊಂಚ ಒತ್ತಡವನ್ನು ಉಳಿಸಿದವರಲ್ಲಿ ಅದು 10.5ಕ್ಕೆ ಇಳಿಯಿತು. ನನ್ನ ತಮ್ಮನಿಗೂ ಇದೇ ಕ್ರಮವನ್ನು ಅನುಸರಿಸಿದರು. ಸಂಜೆಗೆ ಅವನು ತನ್ನ ಉಸಿರನ್ನು ತಾನೇ ಎಳೆದುಕೊಳ್ಳುತ್ತ, ತೆಂಗಿನ ತೋಟಕ್ಕೆ ನೀರು ಬಿಟ್ಟರೋ ಇಲ್ಲವೋ ಎಂದು ವಿಚಾರಿಸಿದನು.

ಪ್ರಾಣಾಯಾಮವನ್ನು ಬಲ್ಲವರು ಮಾತ್ರೆಗಳನ್ನು ಎಣಿಸುವಂತೆ, ಈ ವಿದ್ಯೆಯಲ್ಲಿಯೂ ಅಳತೆಯೇ ಪ್ರಧಾನವೆಂದು ನನಗೆ ಮನವರಿಕೆಯಾಯಿತು. ಅಳೆಯುವವರಿಗೆ ರೋಗಿಯ ನಿಜಸ್ಥಿತಿ ತಿಳಿದಿರಬೇಕು. ಆದುದರಿಂದ ಶಸ್ತ್ರಚಿಕಿತ್ಸೆಗೆ ಹೋಗುವವರು ಎದೆನೋವು, ಉಬ್ಬಸ, ಬೀಡಿಯ ಚಟ, ಸೇವಿಸುವ ಔಷಧ ಇವುಗಳಲ್ಲಿ ಒಂದನ್ನೂ ವೈದ್ಯರಿಂದ ಮುಚ್ಚಿಡಬಾರದು. ಉಪವಾಸವನ್ನೂ ಅವರು ಹೇಳಿದಷ್ಟೇ ಮಾಡತಕ್ಕದ್ದು.