ಪರೇಡಿಗೆ ಎರಡು ಇಡ್ಲಿ, ಒಂದು ವಡೆ

ಹೊಳೆನರಸೀಪುರದ ಕಲ್ಯಾಣಮಂಟಪದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತಿದ್ದಾಗ ಈ ಸುದ್ದಿ ಕಿವಿಗೆ ಬಿತ್ತು. ಟೆಕ್ಸಾಸಿನಲ್ಲಿ ಹುಟ್ಟಿ ಬೆಳೆದ ನಮ್ಮ ನೆಂಟರ ಹುಡುಗಿಯೊಬ್ಬಳಿಗೆ ಕಾಲೇಜಿನ ಫೀಸನ್ನು ಪೂರ್ತಿ ಮಿಲಿಟರಿಯವರೇ ಕಟ್ಟುತ್ತಾರಂತೆ.

“ಮಿಲ್ಟ್ರಿಯೋರಾ? ಅವ್ರಿಗೇನು ಬಂತ್ಲಾ, ಕಂಡೋರ ಮಕ್ಕಳಿಗೆ ಫೀಸ್ ಕಟ್ಟೋದು?” ಎಂದರು ಪಕ್ಕದಲ್ಲಿದ್ದ ನಮ್ಮ ದೊಡ್ಡಪ್ಪ.

“ಓದು ಮುಗುದ್ಮೇಲೆ ನಾಕು ವರ್ಷ ಆಫೀಸರ್ ಆಗಿ ಕೆಲ್ಸ ಮಾಡ್ಬೇಕಂತೆ ದೊಡ್ಡಪ್ಪ.”

“ಹಂಗಂದ್ರೆ ಜೀತ ಅನ್ನು.”

“ಜೀತಕ್ಕೆ ಸಂಬಳ ಕೊಡ್ತಾರಾ?”

ದೊಡ್ಡಪ್ಪ ಕೊಂಚ ಯೋಚಿಸಿ, “ಆಮೇಲೆ ಗಂಡು ಹೆಂಗ್ಲಾ ಸಿಕ್ತಾನೆ?” ಎಂದರು. ಅಷ್ಟರಲ್ಲಿ ಎಲೆ ಹಾಕಿದರು. ಅಮೆರಿಕದ ಸೈನ್ಯದ ಭವಿಷ್ಯ ಕೋಸಂಬರಿಯ ಮುಂದೆ ನಿಲ್ಲಲಿಲ್ಲ.

ಆ ವ್ಯವಸ್ಥೆಗೆ ಅಲ್ಲಿ ಆರ್‌ಓಟಿಸಿ ಎನ್ನುತ್ತಾರೆ. 1916ರ ಕಾಯ್ದೆಯೊಂದರಿಂದ ಹುಟ್ಟಿದ್ದು, 1964ರಲ್ಲಿ ಅದಕ್ಕೆ ದೊಡ್ಡ ಪ್ರಮಾಣದ ವಿದ್ಯಾರ್ಥಿವೇತನ ಕೂಡಿಕೊಂಡಿತು. ಓದುವಾಗ ಸೈನ್ಯ ಫೀಸು ಕಟ್ಟುತ್ತದೆ, ಓದಿದವರು ಸೈನ್ಯಕ್ಕೆ ವರ್ಷಗಳನ್ನು ಕೊಡುತ್ತಾರೆ. ಜಮೈಕಾದಿಂದ ಬಂದ ದಂಪತಿಯ ಮಗ ಕಾಲಿನ್ ಪವೆಲ್ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಈ ತರಬೇತಿಗೆ ಸೇರಿಯೇ 1958ರಲ್ಲಿ ಅಧಿಕಾರಿಯಾದವರು; ಕೊನೆಗೆ ಆ ದೇಶದ ಸೇನಾ ಮುಖ್ಯಸ್ಥರೆಲ್ಲರ ಮೇಲಿನ ಕುರ್ಚಿಯಲ್ಲಿ ಕೂತರು. ಇದನ್ನೆಲ್ಲ ಮನೆಗೆ ಬಂದು ಓದಿಕೊಂಡ ಮೇಲೆ ನನಗೆ ಹುಡುಗಿಯ ಬಗ್ಗೆ ಹೆಮ್ಮೆಯಾಯಿತು ಎಂದು ಬರೆದರೆ ಸಭ್ಯವಾಗಿರುತ್ತದೆ. ನಿಜವಾಗಿ ಆದದ್ದು ಹೊಟ್ಟೆಯುರಿ. ಏಕೆಂದರೆ ನಾನೂ ಸೈನ್ಯದಿಂದ ಪಡೆದವನೇ. ಒಂದು ಪರೇಡಿಗೆ ಎರಡು ಇಡ್ಲಿ, ಒಂದು ವಡೆ.

ಅದು ಎನ್‌ಸಿಸಿಯ ‘ರಿಫ್ರೆಶ್‌ಮೆಂಟ್’. ತೊಂಬತ್ತರ ದಶಕದ ಕೊನೆಯಲ್ಲಿ ಹಾಸನದಲ್ಲಿ ಬಿ.ಎಸ್‌ಸಿ. ಓದುತ್ತಿದ್ದ ನಮ್ಮಂಥವರು ಎನ್‌ಸಿಸಿ ಸೇರಿದ್ದಕ್ಕೆ ದೇಶಪ್ರೇಮ ಕಾರಣ ಎಂದು ಫಾರಂನಲ್ಲಿ ಬರೆದಿದ್ದೆವು. ಫಾರಂನಲ್ಲಿ ಇಡ್ಲಿಗೆ ಕಲಂ ಇರಲಿಲ್ಲ. ಹಾಸ್ಟೆಲಿನಲ್ಲಿ ಭಾನುವಾರ ಬೆಳಗಿನ ತಿಂಡಿ ಎಂದರೆ ಏನು ಎಂಬುದನ್ನು ಬಲ್ಲವರು ನಮ್ಮನ್ನು ಕ್ಷಮಿಸುತ್ತಾರೆ. ಬಟ್ಟೆ ಒಗೆದುಕೊಳ್ಳಲು, ಬೂಟು ಪಾಲಿಶಿಗೆ ಎಂದು ಒಂದಿಷ್ಟು ಭತ್ಯೆಯೂ ಬರುತ್ತಿತ್ತು. ಬೂಟಿಗೆ ಪಾಲಿಶ್ ಹಾಕಿ ಉಳಿದ ದುಡ್ಡಿನಲ್ಲಿ ರಾಜ್‌ಕುಮಾರ್ ಸಿನಿಮಾಗೆ ಬಾಲ್ಕನಿ ಟಿಕೀಟು ಸಿಗುತ್ತಿರಲಿಲ್ಲ, ಗಾಂಧಿ ಕ್ಲಾಸು ಸಿಗುತ್ತಿತ್ತು.

ನಾವು ನಾಲ್ವರು, ನಾಲ್ಕು ತಾಲ್ಲೂಕಿನವರು. ಡ್ರಿಲ್ ಕಲಿಸಲು ಬಂದಿದ್ದ ಗಢವಾಲದ ಹವಾಲ್ದಾರರಿಗೆ ನಮ್ಮ ಹೆಸರುಗಳು ಬಾಯಿಗೆ ಹತ್ತದೆ, ಅವರು ನಮ್ಮನ್ನು ಊರ ಹೆಸರಿನಿಂದ ಕರೆಯಲು ಶುರುಮಾಡಿದರು. ಅದು ಇನ್ನೂ ಕಷ್ಟವಾಯಿತು. ಹೊಳೆನರಸೀಪುರದವನು ನರಸಿಂಗ್‌ಪುರ್ ಆದ. ಚನ್ನರಾಯಪಟ್ಟಣದವನು ಪಟ್ನಾ ಆದ; ಕ್ಯಾಂಪಿನಲ್ಲಿ ಬಿಹಾರದ ಸುಬೇದಾರರೊಬ್ಬರು ಅವನನ್ನು ಹುಡುಕಿಕೊಂಡು ಬಂದು ತಮ್ಮ ಭಾಷೆಯಲ್ಲಿ ಊರ ಕಡೆಯ ಮಳೆಬೆಳೆ ವಿಚಾರಿಸಿ, ಅವನ ಹಿಂದಿ ಕೇಳಿ ಗಾಬರಿಯಾಗಿ ಹೋದರು. ಹಾಸನದವನು ಹಾಸನವೇ. ಅರಕಲಗೂಡಿನವನಾದ ನಾನು ಮೊದಲು ‘ಅರ್ಕಲ್‌ಗುಡ್’ ಆಗಿ, ವಾರ ಕಳೆಯುವುದರಲ್ಲಿ ಬರೀ ‘ಗುಡ್’ ಆದೆ. ಆ ಮೂರು ವರ್ಷದಲ್ಲಿ ನನಗೆ ಸಿಕ್ಕ ಶಭಾಸ್‌ಗಿರಿ ಅದೊಂದೇ.

ಹಾಸನವನ್ನು ಬಡವರ ಊಟಿ ಎಂದವರು ಯಾರೋ, ಡಿಸೆಂಬರಿನಲ್ಲಿ ಬೆಳಗಿನ ಆರೂವರೆಗೆ ಮೈದಾನದಲ್ಲಿ ‘ಸಾವಧಾನ್’ನಲ್ಲಿ ನಿಂತಿದ್ದವರೇ ಇರಬೇಕು. ಮಂಜಿನಲ್ಲಿ ಮುಂದಿನ ಸಾಲಿನವನ ಬೆರೆ ಟೋಪಿಯ ಕೆಂಪು ಗರಿ ಮಾತ್ರ ಕಾಣುತ್ತಿತ್ತು. ಖಾಕಿಗೆ ಅವ್ವ ಅನ್ನದ ಗಂಜಿ ಹಾಕಿ ಒಣಗಿಸಿ ಕೊಡುತ್ತಿದ್ದಳು. ಅದನ್ನು ತೊಟ್ಟು ಅರಕಲಗೂಡಿನಿಂದ ಬಸ್ ಹತ್ತಿದರೆ, ಯಾರೋ ಅಜ್ಜಿ ನನ್ನ ಕೈಗೆ ಹತ್ತು ರೂಪಾಯಿ ತುರುಕಿ “ಹಾಸ್ನಕ್ಕೊಂದು ಕೊಡಪ್ಪ, ಚಿಲ್ರೆ ಮರೀಬ್ಯಾಡ” ಎನ್ನುವುದು. ಸೈನ್ಯಕ್ಕೂ ಸಾರಿಗೆಗೂ ಇರುವ ವ್ಯತ್ಯಾಸವನ್ನು ನಮ್ಮ ಕಡೆ ಬಟ್ಟೆ ನೋಡಿ ಹೇಳಲಾಗದು. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಸರದಿ ಸಾಲು ನೋಡಿಕೊಳ್ಳಲು ನಮ್ಮನ್ನು ನಿಲ್ಲಿಸುತ್ತಿದ್ದರು. ವರ್ಷಕ್ಕೊಮ್ಮೆ ತೆರೆಯುವ ಗುಡಿ. ನೂಕುನುಗ್ಗಲಲ್ಲಿ ನಮ್ಮ ತೋಳಿನ ಪಟ್ಟಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲ. “ನಮ್ಮೂರ ಹೈದ ಕಣ್ಲಾ ನೀನು, ಬಿಡ್ಲಾ ಒಳೀಕೆ” ಎಂದು ಸಂಬಂಧ ಹಿಡಿದುಕೊಂಡೇ ನುಗ್ಗುತ್ತಿದ್ದರು. ನರಸಿಂಗ್‌ಪುರ್ ಮಾತ್ರ ಎಲ್ಲರನ್ನೂ ಮಾತಿನಲ್ಲೇ ಸಾಲಿಗೆ ನಿಲ್ಲಿಸುತ್ತಿದ್ದ. ಅವನು ಮುಂದೆ ರಾಜಕೀಯಕ್ಕೆ ಹೋದ. ಹೊಳೆನರಸೀಪುರ ಎಂದ ಮೇಲೆ ಅದನ್ನು ಬೇರೆ ಹೇಳಬೇಕಾಗಿಲ್ಲ.

ಕಸ ಹೊಡೆದದ್ದು, ಗುಂಡಿ ತೋಡಿದ್ದು, ಬಂದೂಕಿಗೆ ಎಣ್ಣೆ ಹಾಕಿದ್ದೇ ಹೆಚ್ಚು. ಗುಂಡು ಹಾರಿಸಲು ಸಿಗುತ್ತಿದ್ದದ್ದು ಅಪರೂಪಕ್ಕೆ, ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ ಬೆರಳೆಣಿಕೆಯಷ್ಟು. ರಾಗಿ ಕೂಳೆ ಚುಚ್ಚುವ ನೆಲದ ಮೇಲೆ ಬೋರಲು ಮಲಗಿ, ಉಸಿರು ಹಿಡಿದು ಕುದುರೆ ಎಳೆದರೆ ನನ್ನ ಗುಂಡುಗಳು ಪಕ್ಕದ ಪಟ್ನಾನ ಟಾರ್ಗೆಟ್ಟಿನಲ್ಲಿ ಹೋಗಿ ಕೂರುತ್ತಿದ್ದವು. ಅವನಿಗೆ ‘ಬೆಸ್ಟ್ ಶಾಟ್’ ಬಹುಮಾನ ಬಂತು. ಅದರಲ್ಲಿ ನನ್ನ ಪಾಲೆಷ್ಟು ಎಂದು ಇಂದಿಗೂ ಇತ್ಯರ್ಥವಾಗಿಲ್ಲ.

ಇನ್ನು ಇತಿಹಾಸ. ಎನ್‌ಸಿಸಿ ಹುಟ್ಟಿದ್ದು 1948ರ ಕಾಯ್ದೆಯಿಂದ, ಹೃದಯನಾಥ ಕುಂಜ್ರು ಸಮಿತಿ ಹೇಳಿದಂತೆ. 1962ರಲ್ಲಿ ಚೀನಾದಿಂದ ಪೆಟ್ಟು ತಿಂದ ಮೇಲೆ ಕಾಲೇಜು ಹುಡುಗರಿಗೆ ಅದನ್ನು ಕಡ್ಡಾಯ ಮಾಡಿದರು. 1968ರಲ್ಲಿ ಮತ್ತೆ ಇಷ್ಟವಿದ್ದವರಿಗೆ ಬಿಟ್ಟರು. ಆ ನಡುವಿನ ವರ್ಷಗಳಲ್ಲಿ ಓದಿದ ನಮ್ಮ ಹಿರಿಯರಿಗೆ ಈಗಲೂ ‘ಲೆಫ್ಟ್ ರೈಟ್’ ಎಂದರೆ ಮಂಡಿ ನೋಯುತ್ತದೆ.

ನಮ್ಮ ಜಿಲ್ಲೆಗೆ ಸೈನ್ಯ ಎಂಬುದು ಪಕ್ಕದ ಮನೆಯವರ ವಿಷಯ. ಅರಕಲಗೂಡಿನ ಗಡಿ ದಾಟಿದರೆ ಶನಿವಾರಸಂತೆ. ಸ್ವತಂತ್ರ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕರಾದ ಕಾರ್ಯಪ್ಪನವರು ಹುಟ್ಟಿದ ಊರು. ಕೊಣನೂರಿನಿಂದ ಶಿರಂಗಾಲ ದಾಟಿ ಕುಶಾಲನಗರದ ಕಡೆ ಹೋದರೆ ದಾರಿಯಲ್ಲೇ ಕೂಡಿಗೆ. 2007ರಿಂದ ಅಲ್ಲೊಂದು ಸೈನಿಕ ಶಾಲೆಯೇ ಇದೆ. ಅತ್ತ ಅಧಿಕಾರಿಗಳನ್ನು ಬೆಳೆದರು, ಇತ್ತ ನಾವು ಆಲೂಗೆಡ್ಡೆ, ಹೊಗೆಸೊಪ್ಪು ಬೆಳೆದೆವು. ಒಬ್ಬ ಪ್ರಧಾನಿಯನ್ನೂ ಬೆಳೆದೆವು, ನಿಜ. ಆದರೆ ದೆಹಲಿಗೆ ಹೋಗಲು ನಮ್ಮವರಿಗೆ ಗೊತ್ತಿದ್ದ ದಾರಿ ಚುನಾವಣೆಯದು ಮಾತ್ರ.

ಬೇರೆ ದಾರಿ ಹಿಡಿದವರು ಒಬ್ಬರಿದ್ದರು, ಅದೂ ಹೇಮಾವತಿ ದಂಡೆಯ ಗೊರೂರಿನಿಂದ. ಗಾಂಧಿಯ ಅನುಯಾಯಿಯಾಗಿ ಖಾದಿ ತೊಟ್ಟ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಅದು. ಅಮೆರಿಕಕ್ಕೆ ಹೋಗಿಬಂದು ಬರೆದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ತಂದವರು. ಅದೇ ಊರಿನ ಮೇಷ್ಟರ ಮಗ ಜಿ. ಆರ್. ಗೋಪಿನಾಥ್ ಬಿಜಾಪುರದ ಸೈನಿಕ ಶಾಲೆಗೆ ಹೋದರು. ಅರವತ್ತರ ದಶಕದ ಆರಂಭದಲ್ಲಿ ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದಾಗ ಸೈನಿಕ ಶಾಲೆಗಳನ್ನು ತೆರೆದ ಉದ್ದೇಶವೇ ಇದು: ಅಧಿಕಾರಿ ಹುದ್ದೆಗಳು ನಾಲ್ಕಾರು ಪ್ರಾಂತ್ಯದ, ಉಳ್ಳವರ ಮನೆಯ ಮಕ್ಕಳಿಗೇ ಮೀಸಲಾಗಬಾರದು. ರಾಜ್ಯ ಸರ್ಕಾರಗಳು ಬಡ ಮಕ್ಕಳ ಫೀಸಿಗೆ ವಿದ್ಯಾರ್ಥಿವೇತನವನ್ನೂ ಇಟ್ಟವು. ನಮ್ಮಲ್ಲಿ ಅಮೆರಿಕದ ಲೆಕ್ಕಾಚಾರಕ್ಕೆ ಹತ್ತಿರ ಬರುವುದೆಂದರೆ ಇದೇ. ಅವರು ಕಾಲೇಜಿನಲ್ಲಿ ಮಾಡಿದ್ದನ್ನು ನಾವು ಆರನೇ ಕ್ಲಾಸಿನಲ್ಲಿ ಶುರುಮಾಡಿದೆವು. ಗೋಪಿನಾಥ್ ಅಲ್ಲಿಂದ ಖಡಕ್‌ವಾಸ್ಲಾ, ಡೆಹ್ರಾಡೂನ್ ಮುಗಿಸಿ ಅಧಿಕಾರಿಯಾಗಿ 1971ರ ಯುದ್ಧ ಕಂಡರು. ಇಪ್ಪತ್ತೆಂಟಕ್ಕೇ ರಾಜೀನಾಮೆ ಕೊಟ್ಟು ಬಂದು ಜಾವಗಲ್ಲಿನಲ್ಲಿ ತೋಟ ಮಾಡಿದರು. 2003ರಲ್ಲಿ ಕಡಿಮೆ ದರದ ವಿಮಾನ ಹಾರಿಸಿದರು. ಆದರೂ ನಮ್ಮ ಕಡೆಯವರಿಗೆ ಅವರು ಇವತ್ತಿಗೂ ‘ಕ್ಯಾಪ್ಟನ್’. ವಿಮಾನಕ್ಕಿಂತ ಆ ಮೂರಕ್ಷರಕ್ಕೆ ತೂಕ ಜಾಸ್ತಿ.

ನಮ್ಮ ನಾಲ್ವರಲ್ಲಿ ಸೈನ್ಯದ ಅಧಿಕಾರಿಯಾಗುವ ಆಸೆ ಇದ್ದದ್ದು ಪಟ್ನಾಗೆ. 1999ರ ಕಾರ್ಗಿಲ್ ಯುದ್ಧವನ್ನು ಅವನು ಹಾಸ್ಟೆಲಿನ ಟಿವಿಯ ಮುಂದೆ ನಿಂತೇ ನೋಡಿದ, ಕೂರಲಿಲ್ಲ. ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟು ಇದ್ದವರು ಲಿಖಿತ ಪರೀಕ್ಷೆ ಇಲ್ಲದೆ ನೇರವಾಗಿ ಅಧಿಕಾರಿ ಹುದ್ದೆಯ ಸಂದರ್ಶನಕ್ಕೆ ಹೋಗಬಹುದು ಎಂಬುದು ಅವನಿಗೆ ಗೊತ್ತಾದದ್ದು ಇನ್ನೊಂದು ಊರಿನ ಕೆಡೆಟ್‌ನಿಂದ. ನಮ್ಮ ನೋಟೀಸ್ ಬೋರ್ಡಿಗೆ ಆ ಕಾಗದ ಬಂದಾಗ ಅರ್ಜಿಯ ಕೊನೆಯ ದಿನ ಕಳೆದಿತ್ತು. ಅಂಟಿಸಿದವರು ಮಾತ್ರ ನಾಲ್ಕೂ ಮೂಲೆಗೆ ಅಚ್ಚುಕಟ್ಟಾಗಿ ಗೋಂದು ಹಾಕಿದ್ದರು. ಮರುವರ್ಷ ಅವನೇ ಓಡಾಡಿ ಅರ್ಜಿ ಹಾಕಿದ. ಕರೆ ಬಂತು.

ಬೆಂಗಳೂರಿನ ಕಬ್ಬನ್ ರಸ್ತೆಯ ಆಯ್ಕೆ ಕೇಂದ್ರ. ಐದು ದಿನ. ಮೊದಲ ದಿನವೇ ಜರಡಿ ಹಿಡಿದು ಬಹುಪಾಲು ಜನರನ್ನು ವಾಪಸ್ ಕಳಿಸುತ್ತಾರೆ, ಪಟ್ನಾ ಉಳಿದ. ಎದೆಗೊಂದು ನಂಬರು ಕಟ್ಟಿದರು. ಹಗ್ಗ ಹತ್ತಿದ, ಹಲಗೆ ಹಾಕಿ ಕಂದಕ ದಾಟಿದ, ಯಾರ ಜೊತೆಗೂ ಜಗಳವಾಡದೆ ಮರದ ದಿಮ್ಮಿ ಹೊತ್ತ. ತೆಂಗಿನ ತೋಟದಲ್ಲಿ ಬೆಳೆದವನಿಗೆ ಅದ್ಯಾವುದೂ ಹೊಸದಲ್ಲ. ಸಿಕ್ಕಿಬಿದ್ದದ್ದು ಮನಃಶಾಸ್ತ್ರದ ಪರೀಕ್ಷೆಯಲ್ಲಿ. ಪರದೆಯ ಮೇಲೆ ಒಂದೊಂದಾಗಿ ಅರವತ್ತು ಇಂಗ್ಲಿಷ್ ಪದ ಬರುತ್ತವೆ; ಒಂದೊಂದಕ್ಕೆ ಹದಿನೈದು ಸೆಕೆಂಡು; ಅಷ್ಟರಲ್ಲಿ ಮನಸ್ಸಿಗೆ ಹೊಳೆದದ್ದನ್ನು ಬರೆಯಬೇಕು. ಹೊಳೆಯುವುದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ತರುವುದರೊಳಗೆ ಮುಂದಿನ ಪದ ಬಂದು ನಿಂತಿರುತ್ತದೆ. ಹಿಂದಿಯಲ್ಲಿ ಬರೆಯಬಹುದು, ಕನ್ನಡದಲ್ಲಿ ಬರೆಯುವ ಹಾಗಿಲ್ಲ. ರಾತ್ರಿ ಒಬ್ಬನೇ ಹೋಗುವಾಗ ದಾರಿಯಲ್ಲಿ ಹಾವು ಅಡ್ಡ ಬಂದರೆ ಏನು ಮಾಡುತ್ತೀರಿ ಎಂಬಂಥ ಪ್ರಶ್ನೆಗೆ, ಕೈಮುಗಿದು ಪಕ್ಕಕ್ಕೆ ನಿಲ್ಲುತ್ತೇನೆ ಎಂದು ಬರೆದನಂತೆ. ನಮ್ಮ ಕಡೆ ಯಾರೇ ಆದರೂ ಮಾಡುವುದು ಅದನ್ನೇ. ಐದನೇ ದಿನ ಆಯ್ಕೆಯಾದವರ ನಂಬರು ಓದಿದರು, ಅವನದು ಇರಲಿಲ್ಲ.

ಹಾಸನಕ್ಕೆ ಬಂದು ಬಸ್ಸಿಳಿದವನು ಅಳಲಿಲ್ಲ. “ಊಟ ಚೆನ್ನಾಗಿತ್ತು ಕಣ್ರೋ, ಚಾಕು ಮುಳ್ಳು ಚಮಚ ಎಲ್ಲ ಇಟ್ಟವ್ರೆ” ಎಂದ. ಮೊದಲ ಸಲ ಹೋದವರಿಗೆ ಕೊಡುವ ಪ್ರಯಾಣದ ದುಡ್ಡು ಕೈಯಲ್ಲಿತ್ತು. ಅದರಲ್ಲಿ ನಾಲ್ವರಿಗೂ ಮಸಾಲೆ ದೋಸೆ ಕೊಡಿಸಿದ. ಅವತ್ತು ನರಸಿಂಗ್‌ಪುರ್ ಕೂಡ ಹೆಚ್ಚು ಮಾತಾಡಲಿಲ್ಲ. ಈಗ ಪಟ್ನಾ ಊರಿನಲ್ಲಿ ಕೊಬ್ಬರಿ ವ್ಯಾಪಾರಿ. ತೋಟದ ಆಳುಗಳಿಗೆ ಈಗಲೂ ‘ಫಾಲ್ ಇನ್’ ಎನ್ನುತ್ತಾನೆ, ಅವರೂ ಸಾಲಾಗಿ ಬಂದು ನಿಲ್ಲುತ್ತಾರೆ. 2017ರಲ್ಲಿ ಅವನ ಊರಿನಿಂದ ಬೆಂಗಳೂರಿಗೆ ನೇರ ರೈಲು ಬಂತು. “ಆವಾಗ ಇದ್ದಿದ್ರೆ ಬಸ್ಸಲ್ಲಿ ನಿದ್ದೆಗೆಡದೆ ಹೋಗ್ತಿದ್ದೆ, ಸೆಲೆಕ್ಟ್ ಆಯ್ತಿದ್ದೆ” ಎಂಬುದು ಅವನ ವಾದ. ಅರಕಲಗೂಡಿಗೆ ಇನ್ನೂ ರೈಲೇ ಇಲ್ಲದಿರುವುದರಿಂದ ನಾನು ಆ ವಾದಕ್ಕೆ ಇಳಿಯುವುದಿಲ್ಲ.

ನನಗೆ ಅನ್ನಿಸುವುದು ಇಷ್ಟು. ಟೆಕ್ಸಾಸಿನ ಹುಡುಗಿಗೆ ಸೈನ್ಯ ಕೊಟ್ಟದ್ದು ಫೀಸು ಮಾತ್ರ ಅಲ್ಲ. ನೀನು ಅಧಿಕಾರಿಯಾಗುವವಳು ಎಂದು ಹದಿನೆಂಟನೇ ವಯಸ್ಸಿನಲ್ಲೇ ಒಬ್ಬರು ಕಾಗದದ ಮೇಲೆ ಬರೆದುಕೊಟ್ಟರು. ನಮಗೆ ‘ಸಿ’ ಸರ್ಟಿಫಿಕೇಟು ಬರೆದುಕೊಟ್ಟವರು ಅದನ್ನು ಏನು ಮಾಡಬೇಕೆಂದು ಹೇಳಲಿಲ್ಲ. ಈಗಿನ ತಂದೆತಾಯಿಗಳು ಎನ್‌ಸಿಸಿಗೆ ಮಕ್ಕಳನ್ನು ಸೇರಿಸುವುದು ಸಿಇಟಿಯ ಕೋಟಾದಲ್ಲಿ ಸೀಟು ಸಿಕ್ಕೀತೆಂದು. ಕೋಟಾ ಇರಲಿ, ಬೇಡವೆನ್ನಲಾರೆ. ಇಡ್ಲಿಗಾಗಿ ಸೇರಿದವನು ಸೀಟಿಗಾಗಿ ಸೇರಿದವರನ್ನು ಆಡಿಕೊಳ್ಳುವುದು ಸರಿಯಲ್ಲ.

ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲಿ ‘ಸಿ’ ಸರ್ಟಿಫಿಕೇಟು ಇರುವ ಮಗನೋ ಮಗಳೋ ಇದ್ದರೆ ಅದನ್ನು ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿ ಇಡಬೇಡಿ. ಹತ್ತೊಂಬತ್ತರಿಂದ ಇಪ್ಪತ್ತೈದರೊಳಗಿನ ವಯಸ್ಸು, ಮದುವೆಯಾಗಿರಬಾರದು, ಪದವಿಯಲ್ಲಿ ಶೇಕಡಾ 50, ಸರ್ಟಿಫಿಕೇಟಿನಲ್ಲಿ ‘ಬಿ’ ಗ್ರೇಡು. ಇಷ್ಟಿದ್ದರೆ ಲಿಖಿತ ಪರೀಕ್ಷೆ ಇಲ್ಲ. ಹೆಣ್ಣುಮಕ್ಕಳಿಗೂ ಜಾಗವಿದೆ, ಕಡಿಮೆ ಇದೆ. ಆಯ್ಕೆಯಾದರೆ ಚೆನ್ನೈನ ಅಕಾಡೆಮಿಯಲ್ಲಿ 49 ವಾರದ ತರಬೇತಿ, ತರಬೇತಿಯಲ್ಲೇ ತಿಂಗಳಿಗೆ 56,100 ರೂಪಾಯಿ. ವರ್ಷಕ್ಕೆ ಎರಡು ಸಲ ಕರೆಯುತ್ತಾರೆ. ನೋಟೀಸ್ ಬೋರ್ಡನ್ನು ನಂಬಬೇಡಿ, ಸೈನ್ಯದ ಜಾಲತಾಣವನ್ನು ನೀವೇ ನೋಡಿ. ಮಕ್ಕಳು ಇಂಗ್ಲಿಷಿಗೆ ಹೆದರಿದರೆ ದಿನಕ್ಕೆ ಹತ್ತು ಪದ ಕೊಟ್ಟು ಹದಿನೈದು ಸೆಕೆಂಡು ಎಣಿಸಿ, ಅಭ್ಯಾಸವಾಗುತ್ತದೆ. ಹಾವಿಗೆ ಕೈಮುಗಿಯುವುದನ್ನು ಮಾತ್ರ ಉತ್ತರ ಪತ್ರಿಕೆಯಲ್ಲಿ ಬರೆಯಬೇಡ ಎಂದು ಹೇಳಿಕೊಡಿ.