ಮೂವತ್ತು ಸೆಕೆಂಡಿನ ನಂಬಿಕೆ

ಆಟಗಾರರು ಟೀವಿಯಲ್ಲಿ ಏನು ಮಾರಿದರೂ ನಾವು ಚಕಾರ ಎತ್ತುವುದಿಲ್ಲ. ಬ್ಯಾಟು ಹಿಡಿದ ಕೈಯಲ್ಲೇ ಬಿಸ್ಕತ್ತು, ಬನಿಯನ್ನು, ಸಿಮೆಂಟು, ಇನ್ವರ್ಟರು ಎಲ್ಲವೂ ಬರುತ್ತವೆ, ಹೋಗುತ್ತವೆ. ಇವರು ಆ ಸಿಮೆಂಟಿನಲ್ಲೇ ಮನೆ ಕಟ್ಟಿಸಿದ್ದಾರೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಆದರೆ ಅದೇ ಆಟಗಾರ ಅದೇ ಪರದೆಯ ಮೇಲೆ ನಿಂತು, ಬದುಕಿನಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತನಗೆ ಅನಿಸಿದ್ದನ್ನು ಹೇಳಿಬಿಟ್ಟರೆ ಊರೆಲ್ಲ ಎದ್ದು ಕೂರುತ್ತದೆ. ಒಪ್ಪುವವರು, ಒಪ್ಪದವರು, ಆಡುವವನಿಗೇಕೆ ಊರ ಉಸಾಬರಿ ಎನ್ನುವವರು, ಎಲ್ಲರ ದನಿಯೂ ಏರುತ್ತದೆ. ಈ ಜಗಳದ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ನೆನಪಾಗುವವನು ಅಮೆರಿಕದ ಟಿಮ್ ಟೀಬೋ.

ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯ ಮೇಲೆ ಬಿದ್ದು ಕೆಡಹುವ ಆಟ ಅದು. ಅಲ್ಲಿ ತಂಡವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಫ್ಲಾರಿಡಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಟೀಬೋಗೆ 2007ರಲ್ಲಿ ಹೈಸ್‌ಮನ್ ಟ್ರೋಫಿ ಬಂತು. ಕಾಲೇಜು ಫುಟ್‌ಬಾಲಿನಲ್ಲಿ ಅದಕ್ಕಿಂತ ದೊಡ್ಡ ಗೌರವವಿಲ್ಲ. ಎರಡನೇ ವರ್ಷದ ವಿದ್ಯಾರ್ಥಿಯೊಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಬೆಳಕು ಕಣ್ಣಿಗೆ ಕುಕ್ಕದಿರಲೆಂದು ಆ ಆಟಗಾರರು ಕಣ್ಣಿನ ಕೆಳಗೆ ಕಪ್ಪು ಬಳಿದುಕೊಳ್ಳುವ ರೂಢಿಯಿದೆ. ಟೀಬೋ ಆ ಕಪ್ಪಿನ ಮೇಲೆ ಬೈಬಲ್ ವಚನಗಳ ಸಂಖ್ಯೆ ಬರೆದುಕೊಂಡು ಮೈದಾನಕ್ಕೆ ಇಳಿಯುತ್ತಿದ್ದ. 2009ರ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯದ ದಿನ ಅವನ ಕೆನ್ನೆಯ ಮೇಲಿದ್ದದ್ದು ಯೋಹಾನ 3:16. ಅದೇನೆಂದು ತಿಳಿಯಲು ಜನ ಗೂಗಲ್‌ಗೆ ಮುಗಿಬಿದ್ದರು. ಮುಂದಿನ ವರ್ಷ, ಕಣ್ಣಿನ ಕೆಳಗೆ ಯಾರೂ ಏನೂ ಬರೆದುಕೊಳ್ಳಕೂಡದು ಎಂದು ಕಾಲೇಜು ಕ್ರೀಡಾಮಂಡಳಿ ನಿಯಮವನ್ನೇ ಮಾಡಿತು.

ಅಷ್ಟರಲ್ಲಿ ಮಾತು ಕೆನ್ನೆಯಿಂದ ಟೀವಿಗೆ ಬಂದಿತ್ತು. 2010ರ ಫೆಬ್ರವರಿ 7ರಂದು ವೃತ್ತಿಪರ ಫುಟ್‌ಬಾಲಿನ ಅಂತಿಮ ಪಂದ್ಯ ಸೂಪರ್ ಬೌಲ್. ಆ ರಾತ್ರಿ ಸಿಬಿಎಸ್ ವಾಹಿನಿಯಲ್ಲಿ ಆ ಪಂದ್ಯ ನೋಡಿದವರು ಹತ್ತು ಕೋಟಿಗೂ ಹೆಚ್ಚು. ಅಲ್ಲಿ ಮೂವತ್ತು ಸೆಕೆಂಡಿನ ಜಾಹೀರಾತಿಗೆ ಇಪ್ಪತ್ತೈದು ಲಕ್ಷ ಡಾಲರಿನ ಆಸುಪಾಸು ದರ. ಕೊಲರಾಡೊದ ‘ಫೋಕಸ್ ಆನ್ ದ ಫ್ಯಾಮಿಲಿ’ ಎಂಬ ಕ್ರೈಸ್ತ ಸಂಸ್ಥೆ ಅಷ್ಟು ಹಣ ತೆತ್ತು ಟೀಬೋ ಮತ್ತು ಅವನ ತಾಯಿ ಪ್ಯಾಮ್ ಅವರನ್ನು ಪರದೆಗೆ ತಂದಿತು. ಪ್ಯಾಮ್ ದಂಪತಿ ಫಿಲಿಪೀನ್ಸ್‌ನಲ್ಲಿ ಧರ್ಮಪ್ರಚಾರಕರಾಗಿದ್ದವರು. ಟಿಮ್ ಹುಟ್ಟುವ ಮೊದಲು ಆಕೆಗೆ ಆಮಶಂಕೆ ಬಲವಾಗಿ ಹಿಡಿದಿತ್ತು; ಗರ್ಭ ತೆಗೆಸಿಬಿಡಿ ಎಂದು ವೈದ್ಯರು ಹೇಳಿದರೂ ತಾನು ಒಪ್ಪಲಿಲ್ಲ ಎಂಬುದು ಆಕೆ ಹೇಳುತ್ತ ಬಂದ ಕತೆ. ಆ ಮಗುವೇ 1987ರಲ್ಲಿ ಹುಟ್ಟಿದ ಈ ಆಟಗಾರ.

ಜಾಹೀರಾತು ಬರುವ ಮೊದಲೇ ಗದ್ದಲ ಎದ್ದಿತು. ಗರ್ಭಪಾತದ ವಿರುದ್ಧದ ಈ ಪ್ರಚಾರವನ್ನು ಪ್ರಸಾರ ಮಾಡಬೇಡಿ ಎಂದು ಮಹಿಳಾ ಸಂಘಟನೆಗಳು ಸಿಬಿಎಸ್ ಮೇಲೆ ಒತ್ತಡ ತಂದವು. ಕೊನೆಗೆ ಪ್ರಸಾರವಾದದ್ದರಲ್ಲಿ ಗರ್ಭಪಾತ ಎಂಬ ಮಾತೇ ಇರಲಿಲ್ಲ. ತಾಯಿ ಮಗನ ಎಳವೆಯ ಚಿತ್ರ ಹಿಡಿದು, ಈ ಕೂಸು ಉಳಿದದ್ದೇ ಹೆಚ್ಚು ಎಂಬರ್ಥದ ಮಾತಾಡುತ್ತಾಳೆ. ಅಷ್ಟರಲ್ಲಿ ದಾಂಡಿಗ ಮಗ ಬಂದು, ಮೈದಾನದಲ್ಲಿ ಎದುರಾಳಿಯನ್ನು ಕೆಡಹುವಂತೆ ಅವಳನ್ನು ಕೆಡಹುತ್ತಾನೆ. ಇಬ್ಬರೂ ನಗುತ್ತಾರೆ. ಉಳಿದ ಕತೆ ಬೇಕಾದವರು ಸಂಸ್ಥೆಯ ಜಾಲತಾಣಕ್ಕೆ ಹೋಗಬೇಕಿತ್ತು.

ಇಷ್ಟಕ್ಕೆ ಅಷ್ಟು ರಂಪವೇಕೆ ಎಂದು ಕೇಳುವುದು ಸುಲಭ. ಆದರೆ ಆ ಹೆಂಗಸರ ಕಳವಳವನ್ನು ನಾನು ತಳ್ಳಿಹಾಕಲಾರೆ. ನಮ್ಮ ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್, 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹದಿನೇಳು ವಾರದ ಗರ್ಭ ಉಳಿಯದು ಎಂದು ಗೊತ್ತಾಗಿತ್ತು. ಗರ್ಭಪಾತ ಮಾಡಿ ಎಂದು ಆಕೆ ಕೇಳಿಕೊಂಡಿದ್ದಳು. ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ಮಾಡಲಿಲ್ಲ. ನಂಜು ರಕ್ತಕ್ಕೇರಿತು. ಆ ಸಾವಿನ ಸಂಕಟವನ್ನು ಐರ್ಲೆಂಡ್ ಮರೆಯಲಿಲ್ಲ. 2018ರ ಮೇ ತಿಂಗಳಲ್ಲಿ ಜನಮತಗಣನೆ ನಡೆದು ಗರ್ಭಪಾತಕ್ಕೆ ಸಂವಿಧಾನ ಹೇರಿದ್ದ ನಿಷೇಧ ಬಿದ್ದುಹೋಯಿತು. ಪ್ಯಾಮ್ ಟೀಬೋ ಬದುಕಿದಳು, ಮಗನೂ ಬದುಕಿದ. ಅದು ನಿಜಕ್ಕೂ ಸಂತೋಷದ ಸಂಗತಿ. ಸವಿತಾ ಬದುಕಲಿಲ್ಲ. ಗೆದ್ದು ಬಂದ ತಾಯಿಯ ಕತೆ ಎಷ್ಟು ಚಂದವಿದ್ದರೂ ಅದು ಎಲ್ಲ ತಾಯಂದಿರ ತಲೆಯ ಮೇಲಿನ ಕಟ್ಟಳೆಯಾಗಬಾರದು.

ಹಾಗಾದರೆ ಟೀಬೋ ಬಾಯಿ ಮುಚ್ಚಿಕೊಂಡಿರಬೇಕಿತ್ತೇ? ಇಲ್ಲ, ಖಂಡಿತ ಇಲ್ಲ. ಅವನು ಹೇಳಿದ್ದು ತನ್ನ ಹುಟ್ಟಿನ ಕತೆ. ವೃತ್ತಿಪರ ತಂಡಗಳು ಹುಡುಗರನ್ನು ಆರಿಸಿಕೊಳ್ಳಲು ಇನ್ನು ಎರಡೂವರೆ ತಿಂಗಳಷ್ಟೇ ಇರುವಾಗ, ಈ ವಿವಾದ ತನಗೆ ಮುಳುವಾಗುವ ಸಾಧ್ಯತೆಯಿದ್ದರೂ ಹೇಳಿದ. ಅವನ ಮಾತಿಗೆ ಉತ್ತರ ಮಾತೇ. ‘ಪ್ಲ್ಯಾನ್ಡ್ ಪೇರೆಂಟ್‌ಹುಡ್’ ಎಂಬ, ಗರ್ಭಪಾತದ ಹಕ್ಕಿನ ಪರವಾದ ಸಂಸ್ಥೆ ಹಾಗೇ ಮಾಡಿತು. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಟ್ರಿಪಲ್ ಜಂಪ್ ಆಟಗಾರ ಅಲ್ ಜಾಯ್ನರ್ ಮತ್ತು ಮಾಜಿ ಫುಟ್‌ಬಾಲ್ ಆಟಗಾರ ಷಾನ್ ಜೇಮ್ಸ್ ಅವರಿಂದ, ಹೆಣ್ಣಿನ ನಿರ್ಧಾರವನ್ನು ಗೌರವಿಸಬೇಕು ಎಂದು ಹೇಳಿಸಿ ಅಂತರ್ಜಾಲದಲ್ಲಿ ಹರಿಬಿಟ್ಟಿತು.

ನನಗೆ ಸಿಟ್ಟು ಬರುವುದು ಬಾಗಿಲು ಕಾಯುವವರ ಮೇಲೆ. ಇದೇ ಸಿಬಿಎಸ್ 2004ರಲ್ಲಿ, ಸಲಿಂಗಿಗಳಿಗೂ ನಮ್ಮ ಚರ್ಚಿನಲ್ಲಿ ಸ್ವಾಗತವಿದೆ ಎಂದು ಸಾರುವ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಜಾಹೀರಾತನ್ನು, ವಿವಾದದ ವಿಷಯ ಬೇಡ ಎಂದು ಹಿಂದಕ್ಕೆ ಕಳಿಸಿತ್ತು. ಆರು ವರ್ಷದ ಮೇಲೆ ಟೀಬೋ ಜಾಹೀರಾತಿಗೆ ಬಾಗಿಲು ತೆರೆಯಿತು. ನೀತಿ ಸಡಿಲಿಸಿದ್ದೇವೆ ಎಂದು ಜಗಜ್ಜಾಹೀರಾದದ್ದು ಗಲಾಟೆ ಎದ್ದ ಮೇಲೆ. ಒಬ್ಬರ ನಂಬಿಕೆಗೆ ಹೊಸಿಲು, ಇನ್ನೊಬ್ಬರ ನಂಬಿಕೆಗೆ ಗೋಡೆ. ಅನ್ಯಾಯ ಇರುವುದು ಇಲ್ಲಿ.

ಇನ್ನು ಕಾಲಿನ್ ಕೇಪರ್ನಿಕ್. ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯವನ್ನು ಪ್ರತಿಭಟಿಸಿ 2016ರಲ್ಲಿ ರಾಷ್ಟ್ರಗೀತೆಯ ಹೊತ್ತಿನಲ್ಲಿ ಮಂಡಿಯೂರಿದ ಕ್ವಾರ್ಟರ್‌ಬ್ಯಾಕ್. ಆ ಋತುವಿನ ನಂತರ ಯಾವ ತಂಡವೂ ಅವನನ್ನು ಸೇರಿಸಿಕೊಳ್ಳಲಿಲ್ಲ. 2018ರಲ್ಲಿ ನೈಕಿ ಅವನನ್ನು ಜಾಹೀರಾತಿಗೆ ತಂದಾಗ ಕೆಲವರು ತಮ್ಮ ಶೂಗಳನ್ನೇ ಸುಟ್ಟರು. ಟೀಬೋನನ್ನು ಮೆಚ್ಚಿದ ಬಹಳ ಜನ ಇವನನ್ನು ಬೈದರು. ಅವನನ್ನು ಬೈದ ಬಹಳ ಜನ ಇವನನ್ನು ಹೊಗಳಿದರು. ಮಾತಾಡುವ ಹಕ್ಕು ನಮಗೆ ಹಿಡಿಸುವವರಿಗಷ್ಟೇ ಇರಲಿ ಎನ್ನುವವರು ಎರಡೂ ಕಡೆ ಇದ್ದರು.

ಆದರೂ ಎರಡು ಜಾಹೀರಾತಿನ ಹಿಂದೆಯೂ ದುಡ್ಡಿತ್ತಲ್ಲ ಎನ್ನಬಹುದು. ಇತ್ತು. ಒಂದರಲ್ಲಿ ಸಂಸ್ಥೆಯ ಪ್ರಚಾರ, ಇನ್ನೊಂದರಲ್ಲಿ ಶೂ ವ್ಯಾಪಾರ. ಕಾಳು ಯಾವುದು, ಜೊಳ್ಳು ಯಾವುದು ಎಂದು ತಿಳಿಯಲು ನಾನು ಕೇಳುವುದು ಒಂದೇ ಪ್ರಶ್ನೆ: ಈ ನಂಬಿಕೆಗಾಗಿ ಈ ಮನುಷ್ಯ ಏನನ್ನು ಕಳೆದುಕೊಳ್ಳಲು ಸಿದ್ಧನಿದ್ದ?

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಾಗಿ ನಿಂತವರು ಪುಲ್ಲೇಲ ಗೋಪಿಚಂದ್. ಹೈದರಾಬಾದಿನ ಗೋಪಿ ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆ ಅವರ ಅಕಾಡೆಮಿಯಲ್ಲಿ ಪಳಗಿದವರು. ಗುರು 1980ರಲ್ಲಿ ಗೆದ್ದ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಶಿಷ್ಯ 2001ರಲ್ಲಿ ಗೆದ್ದರು. ಬೆನ್ನಿಗೇ ಕೋಲಾ ಜಾಹೀರಾತು ಹುಡುಕಿಕೊಂಡು ಬಂತು. ಮೊಣಕಾಲಿನ ಶಸ್ತ್ರಚಿಕಿತ್ಸೆಗಳನ್ನು ದಾಟಿ ಬಂದ ಬ್ಯಾಡ್ಮಿಂಟನ್ ಆಟಗಾರನಿಗೆ ಅಂಥ ಹಣ ಮತ್ತೆ ಮತ್ತೆ ಬರುವುದಿಲ್ಲ. ನಾನು ಕುಡಿಯದ್ದನ್ನು, ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ನಂಬಿದ್ದನ್ನು ಮಕ್ಕಳಿಗೆ ಕುಡಿಯಿರಿ ಎಂದು ಹೇಳಲಾರೆ ಎಂದು ಅವರು ಒಲ್ಲೆ ಅಂದರು. ಪ್ರಸಾರವಾಗದ ಆ ಜಾಹೀರಾತು ನನ್ನ ಪಾಲಿಗೆ ನೈತಿಕ ಮಾತುಗಳಲ್ಲೆಲ್ಲ ಗಟ್ಟಿಯಾದದ್ದು.

ಆದ್ದರಿಂದ ಆಟಗಾರರು ಮಾತಾಡಲಿ. ದೇವರನ್ನು ನಂಬುವವರು ಹೇಳಲಿ, ನ್ಯಾಯಕ್ಕಾಗಿ ಮಂಡಿಯೂರುವವರು ಹೇಳಲಿ, ಒಲ್ಲೆ ಎನ್ನುವವರು ಒಲ್ಲೆ ಎನ್ನಲಿ. ವಾಹಿನಿಗಳು ಯಾವುದಕ್ಕೆ ಜಾಗ, ಯಾವುದಕ್ಕೆ ಇಲ್ಲ ಎಂಬ ನಿಯಮವನ್ನು ಮೊದಲೇ ಬರೆದು ಎಲ್ಲರ ಮುಂದಿಡಲಿ. ಹಣ ಬಂದ ಮೇಲೆ ತಿದ್ದುವುದು ಬೇಡ. ಹಣ ಇಲ್ಲದವರ ಉತ್ತರಕ್ಕೂ ಒಂದಿಷ್ಟು ಜಾಗ ಇರಲಿ. ನಮ್ಮ ಮನೆಯ ಮಕ್ಕಳು ಟೀವಿ ಮುಂದೆ ಕೂತಾಗ, ಇವನು ಚೆನ್ನಾಗಿ ಆಡುತ್ತಾನೆ ಎಂಬುದು ಬೇರೆ, ಇವನು ಹೇಳುವುದು ಸರಿ ಎಂಬುದು ಬೇರೆ ಎಂದು ಅವರಿಗೆ ಹೇಳಿಕೊಡುವ ಕೆಲಸ ನಮ್ಮದು. ಅದನ್ನು ಯಾವ ವಾಹಿನಿಯೂ ನಮಗಾಗಿ ಮಾಡಿಕೊಡುವುದಿಲ್ಲ.