ಗಾಳಿಯ ಲೆಕ್ಕದ ಪುಸ್ತಕ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಕಣದ ಗಾದೆ. ರಾಶಿ ತೂರುವ ರೈತನಿಗೆ ಗಾಳಿ ಬಂದಿತೇ ಇಲ್ಲವೇ ಎಂಬುದಷ್ಟೇ ಮುಖ್ಯ. ಅದು ಗಂಟೆಗೆ ಎಷ್ಟು ಮೈಲಿ ಓಡಿತೆಂಬ ಲೆಕ್ಕ ಬೇಡ. ಸೇತುವೆ ಕಟ್ಟುವವನಿಗಾದರೋ ಆ ಲೆಕ್ಕವಿಲ್ಲದೆ ನಡೆಯದು. ಲೆಕ್ಕ ಹೇಳಬೇಕಾದುದು ಉಪಕರಣ. ಆ ಉಪಕರಣವೇ ನಡುವೆ ಬದಲಾದರೆ ಹಿಂದಿನ ಬರಹಕ್ಕೆ ಬೆಲೆಯೇನು?

ಐರ್ಲೆಂಡಿನ ಆರ್ಮಾ ಎಂಬ ಊರಿನ ಖಗೋಳ ವೀಕ್ಷಣಾಲಯಕ್ಕೆ 1823ರಿಂದ ಥಾಮಸ್ ರಾಮ್ನಿ ರಾಬಿನ್‌ಸನ್ ಎಂಬ ಪಾದ್ರಿಗಳು ಮುಖ್ಯಸ್ಥರಾಗಿದ್ದರು. 1846ರಲ್ಲಿ ಅವರು ರೂಪಿಸಿದ ವಾಯುವೇಗಮಾಪಕ ಬಲು ಸರಳವಾದುದು: ಅಡ್ಡತೋಳುಗಳ ತುದಿಗೆ ಅರ್ಧಗೋಳಾಕಾರದ ನಾಲ್ಕು ಬಟ್ಟಲುಗಳು. ಬಟ್ಟಲಿನ ಉಬ್ಬಿದ ಬೆನ್ನಿಗಿಂತ ತಗ್ಗಾದ ಒಳಮೈ ಗಾಳಿಯನ್ನು ಹೆಚ್ಚು ತಡೆಯುವುದರಿಂದ, ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದು ಒಂದೇ ಕಡೆಗೆ ತಿರುಗುತ್ತದೆ. ಬಟ್ಟಲುಗಳ ವೇಗ ಗಾಳಿಯ ವೇಗದ ಮೂರನೆಯ ಒಂದು ಪಾಲು. ಬಟ್ಟಲು ಹಿರಿದಾಗಲಿ ಕಿರಿದಾಗಲಿ ಈ ಪ್ರಮಾಣ ತಪ್ಪದು ಎಂದು ರಾಬಿನ್‌ಸನ್ ನಿರ್ಣಯಿಸಿದರು. ಬಟ್ಟಲಿನ ವೇಗವನ್ನು ಮೂರರಿಂದ ಗುಣಿಸಿದರಾಯಿತು, ಗಾಳಿಯ ವೇಗ ಸಿದ್ಧ. ಬ್ರಿಟನ್ನಿನ ವೀಕ್ಷಣಾಲಯಗಳು ಹತ್ತಾರು ವರ್ಷ ಹಾಗೆಯೇ ಗುಣಿಸಿ ಬರೆದಿಟ್ಟವು.

ಆ ಸಂಖ್ಯೆಯನ್ನು ಮತ್ತೆ ಒರೆಗೆ ಹಚ್ಚಲು ಹೊರಟವರಲ್ಲಿ ರಾಬಿನ್‌ಸನ್ನರೂ ಒಬ್ಬರು. ಎಂಬತ್ತು ದಾಟಿದ ಮೇಲೆ ಅವರು ಮಾಪಕವನ್ನು ತಿರುಗುಯಂತ್ರಕ್ಕೆ ಕಟ್ಟಿ ಪರೀಕ್ಷೆಗೆ ತೊಡಗಿದರು. 1878 ಮತ್ತು 1880ರಲ್ಲಿ ಅದರ ವರದಿಗಳು ಹೊರಬಂದವು. ಹೆಸರು ತಂದ ತಮ್ಮ ಸೂತ್ರವನ್ನೇ ಆ ವಯಸ್ಸಿನಲ್ಲಿ ಮರಳಿ ಪರೀಕ್ಷಿಸುವ ಧೈರ್ಯ ಎಲ್ಲರಿಗೂ ಬಾರದು. 1882ರಲ್ಲಿ ಅವರು ತೀರಿಕೊಂಡರು.

ಈ ನಡುವೆ, 1879ರ ಡಿಸೆಂಬರ್ 28ರ ರಾತ್ರಿ, ಸ್ಕಾಟ್ಲೆಂಡಿನ ಟೇ ನದಿಯ ಮೇಲಣ ರೈಲು ಸೇತುವೆ ಬಿರುಗಾಳಿಗೆ ಕುಸಿದುಬಿದ್ದಿತು. ಹಾಯುತ್ತಿದ್ದ ಗಾಡಿಯಲ್ಲಿದ್ದವರಲ್ಲಿ ಒಬ್ಬರೂ ಬದುಕಲಿಲ್ಲ. ಸೇತುವೆಯ ಎಂಜಿನಿಯರು ಗಾಳಿಯ ಒತ್ತಡವನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲವೆಂಬುದು ವಿಚಾರಣೆಯಲ್ಲಿ ಹೊರಬಿದ್ದಿತು. ಗಾಳಿಯ ಬಲವೆಷ್ಟು ಎಂಬುದು ಅಂದಿನಿಂದ ಪಂಡಿತರ ಕುತೂಹಲವಷ್ಟೇ ಆಗಿ ಉಳಿಯದೆ ಜನರ ಪ್ರಾಣದ ಪ್ರಶ್ನೆಯಾಯಿತು.

ಈ ದುರಂತದ ತರುವಾಯ ವಿಲಿಯಂ ಹೆನ್ರಿ ಡೈನ್ಸ್ ಎಂಬ ಆಂಗ್ಲ ವಿಜ್ಞಾನಿ, ಉಗಿಯಂತ್ರದಿಂದ ಸುತ್ತುವ ನೀಳವಾದ ತೋಳಿನ ತುದಿಯಲ್ಲಿ ಮಾಪಕಗಳನ್ನಿಟ್ಟು ಪರೀಕ್ಷಿಸಿದರು. ರೂಢಿಯಲ್ಲಿದ್ದ ದೊಡ್ಡ ಮಾಪಕಕ್ಕೆ ಗುಣಕ 3 ಅಲ್ಲ, ಸುಮಾರು 2.2 ಎಂದು ತಿಳಿದುಬಂದಿತು. ಬಟ್ಟಲು ಗಂಟೆಗೆ 10 ಮೈಲಿ ಓಡಿದಾಗ ಪುಸ್ತಕದಲ್ಲಿ 30 ಎಂದು ಬರೆದಿದ್ದ ಗಾಳಿ ವಾಸ್ತವವಾಗಿ 22 ಮೈಲಿಯದು. ಹಳೆಯ ಪುಟಗಳಿಗೆ ಹೊಸ ಪುಟಗಳನ್ನು ಹಾಗೆಯೇ ಜೋಡಿಸಿ ಓದಿದವನು, ಒಂದು ತಲೆಮಾರಿನಲ್ಲೇ ಗಾಳಿ ಸೊರಗಿಹೋಯಿತೆಂದು ಬೆರಗಾಗುತ್ತಿದ್ದ. ಬದಲಾದುದು ಗಾಳಿಯಲ್ಲ, ಗುಣಕ.

ಗುಣಕದ ತಪ್ಪನ್ನು ಭಾಗಾಕಾರದಿಂದ ತಿದ್ದಬಹುದು. ಸದ್ದಿಲ್ಲದೆ ನುಸುಳುವ ತಪ್ಪುಗಳು ಬೇರೆ ಇವೆ. ಮಾಪಕದ ಬೇರಿಂಗು ಸವೆದರೆ ಬಟ್ಟಲು ನಿಧಾನವಾಗಿ ಸುತ್ತುತ್ತದೆ. ಹೊಸದನ್ನು ಕೂರಿಸಿದ ದಿನ ಗಾಳಿ ಥಟ್ಟನೆ ಚುರುಕಾದಂತೆ ತೋರುತ್ತದೆ. ಕಂಬ ಎತ್ತರವಾದರೆ ವೇಗವೂ ಏರುತ್ತದೆ. ಆದ್ದರಿಂದಲೇ ಬಯಲಿನಲ್ಲಿ 10 ಮೀಟರ್ ಎತ್ತರವೆಂಬ ಅಂತಾರಾಷ್ಟ್ರೀಯ ನಿಯಮ. ಸುತ್ತ ಮರ ಬೆಳೆದರೆ, ಮನೆ ಎದ್ದರೆ, ಮಾಪಕ ಸರಿಯಾಗಿದ್ದರೂ ಅಂಕಿ ಇಳಿಯುತ್ತದೆ. ಈಗ ಬಟ್ಟಲೇ ಇಲ್ಲದೆ, ಶಬ್ದದ ಅಲೆಗಳು ಗಾಳಿಯಲ್ಲಿ ಸಾಗುವ ಹೊತ್ತನ್ನು ಅಳೆದು ವೇಗ ಹೇಳುವ ಉಪಕರಣಗಳು ಬಂದಿವೆ.

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ನೆಲದ ಮೇಲಣ ಗಾಳಿ ಹಲವು ದೇಶಗಳಲ್ಲಿ ಕುಗ್ಗಿತೆಂದೂ, 2010ರ ಸುಮಾರಿನಿಂದ ಮತ್ತೆ ಏರತೊಡಗಿತೆಂದೂ ದಾಖಲೆಗಳು ಹೇಳುತ್ತವೆ. ಇದರಲ್ಲಿ ಪ್ರಕೃತಿಯ ಪಾಲೆಷ್ಟು, ಉಪಕರಣದ ಪಾಲೆಷ್ಟು ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಇದು ಒಣಚರ್ಚೆಯಲ್ಲ. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ಅನುಗುಣ. ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಾಗಿ ಬರೆದರೆ ಶಕ್ತಿಯ ಲೆಕ್ಕ ಮೂವತ್ತಮೂರರಷ್ಟು ಉಬ್ಬುತ್ತದೆ. ಗಾಳಿಯಿಂದ ವಿದ್ಯುತ್ತು ತೆಗೆಯಹೊರಟವರಿಗೆ ಅದು ನಷ್ಟದ ದಾರಿ.

ಪರಿಹಾರ ಮಾತ್ರ ಹಳೆಯದು. ಹೊಸ ಪಾವು ತಂದ ಗೃಹಿಣಿ ಹಳೆಯ ಪಾವಿನ ಅಕ್ಕಿಯನ್ನು ಅದಕ್ಕೆ ಸುರಿದು ನೋಡುತ್ತಾಳಷ್ಟೆ? ಹಳೆಯ ಮಾಪಕವನ್ನು ಇಳಿಸುವ ಮುನ್ನ ಹೊಸದನ್ನು ಪಕ್ಕದಲ್ಲೇ ನಿಲ್ಲಿಸಿ, ಎರಡನ್ನೂ ಕೆಲಕಾಲ ಒಂದೇ ಗಾಳಿಗೆ ಒಡ್ಡಬೇಕು. ಬದಲಾಯಿಸಿದ ತಾರೀಖು, ಕಂಬದ ಎತ್ತರ, ಗುಣಕ ಇವನ್ನು ಪುಸ್ತಕದಲ್ಲಿ ಬರೆದಿಡಬೇಕು. ಆ ಒಂದು ಸಾಲು ತಪ್ಪಿಹೋದರೆ, ಐವತ್ತು ವರ್ಷದ ಬಳಿಕ ಪುಟ ತೆರೆದವನಿಗೆ ಗಾಳಿಗೂ ಯಂತ್ರಕ್ಕೂ ಇರುವ ವ್ಯತ್ಯಾಸವನ್ನು ತಿಳಿಸಿಹೇಳುವವರು ಯಾರೂ ಇರುವುದಿಲ್ಲ.